ಹನ್ನೊಂದು ಅಕ್ಷರದ ಹೆಸರು

ಅಂಗಿಯ ಬೆನ್ನಿಗೆ ಹೆಸರು ಅಂಟಿಸುವವಳು ನಾನು.
ಗ್ರಿಮ್ಸ್‌ಬಿಯಲ್ಲಿ, ಗ್ಯಾಲರಿಯ ಮೆಟ್ಟಿಲ ಕೆಳಗೆ
ಎರಡು ವಾಷಿಂಗ್ ಮೆಷಿನ್ನು, ಒಂದು ಇಸ್ತ್ರಿ.
ಕಿಟಕಿಯಿಲ್ಲ. ಗೋಲು ಯಾರದೆಂದು
ತಲೆಯ ಮೇಲಿನ ಕಾಲುಗಳೇ ಹೇಳಬೇಕು:
ನಮ್ಮದಾದರೆ ಸುಣ್ಣ ಉದುರುತ್ತದೆ,
ಅವರದಾದರೆ ಮೆಷಿನ್ನಿನ ಸದ್ದು ಕೇಳುತ್ತದೆ.

ಆಲರನ್‌ಶಾ ಮೊದಲ ಸಲ ಬಂದದ್ದು ಎರವಲು,
ಪಕ್ಕದ ಮನೆಯಿಂದ ತಂದ ಲೋಟ ಸಕ್ಕರೆಯ ಹಾಗೆ,
ಮೂರು ತಿಂಗಳಿಗೆ. ಹತ್ತೊಂಬತ್ತರ ಹುಡುಗ.
ಇಂಗ್ಲಿಷಿನಲ್ಲಿ ಬರೆದರೆ ಹನ್ನೊಂದು ಅಕ್ಷರ,
ಅಕ್ಷರಕ್ಕೆ ಎಂಬತ್ತು ಪೆನ್ನಿ.
"ಗೋಲು ಹೊಡೆಯದಿದ್ದರೆ ದುಬಾರಿ ಇವನು"
ಅಂದರು ಮ್ಯಾನೇಜರು.
ಅವನು ಲೆಫ್ಟ್ ಬ್ಯಾಕು. ಹೊಡೆಯುವುದಲ್ಲ, ತಡೆಯುವುದು ಕೆಲಸ.
ಈ ಕಂಕುಳಿಂದ ಆ ಕಂಕುಳವರೆಗೆ
ಸೇತುವೆಯಂತೆ ಬಗ್ಗಿಸಿ ಅಂಟಿಸಿದೆ.

ಆಮೇಲೆ ಕೇಳಿಬಂದದ್ದು ಬರೀ ಊರುಗಳು.
ಬ್ಯಾರೋ. ಯೋವಿಲ್. ಸ್ಕಂಥಾರ್ಪ್.
ಒಂದು ಚಳಿಗಾಲ ಸ್ಕಾಟ್ಲೆಂಡಿನ ಯಾವುದೋ ಬಂದರು,
ಅಲ್ಲಿ ಗೋಲ್‌ಕೀಪರ್ ಒದ್ದ ಚೆಂಡನ್ನು
ಗಾಳಿ ಮತ್ತೆ ಅವನ ಕೈಗೇ ತಂದು ಕೊಡುತ್ತಿತ್ತಂತೆ.
ಅರ್ಧ ಬಿಚ್ಚಿದ ಸೂಟ್‌ಕೇಸು, ಬಾಡಿಗೆ ಕೋಣೆ,
ಕ್ರಿಸ್‌ಮಸ್ ದಿನವೂ ಅಭ್ಯಾಸ.
ಮೇ ತಿಂಗಳಲ್ಲಿ ಒಂದು ಲಕೋಟೆ:
ಇಟ್ಟುಕೊಳ್ಳುತ್ತೇವೆ, ಇಲ್ಲವೇ ಧನ್ಯವಾದ.
ಅವನಿಗೆ ಹೆಚ್ಚಾಗಿ ಬಂದದ್ದು ಧನ್ಯವಾದ.

ಮಗಳು ಹುಟ್ಟಿದ್ದು ಒಂದೂರಲ್ಲಿ, ಹೆಜ್ಜೆಯಿಟ್ಟದ್ದು ಇನ್ನೊಂದರಲ್ಲಿ,
ಮಾತು ಕಲಿತದ್ದು ಮೂರನೆಯದರಲ್ಲಿ.
ಅವಳು 'ಬಸ್ಸು' ಅನ್ನುವ ಧಾಟಿ ಕೇಳಿ
"ನೀವು ಯಾವ ಕಡೆಯವರು?" ಎಂದ ಟೀಚರಿಗೆ
"ಈ ಸೀಸನ್ನಿಗೋ?" ಅಂದಳಂತೆ ಹೆಂಡತಿ.

ಎರಡನೆಯ ಸಲ ಬಂದಾಗ ಇಪ್ಪತ್ತಾರು.
ಎಡಮಂಡಿಗೆ ಝಿಪ್ಪಿನಂಥ ಹೊಲಿಗೆ.
ಆ ವರ್ಷ ಅವನ ಚಡ್ಡಿ
ಒಗೆಯುವ ಮೊದಲೇ ಬೆಳ್ಳಗಿರುತ್ತಿತ್ತು.
ಬೆಂಚಿನ ಮೇಲೆ ಕೂತವನಿಗೆ ಕೆಸರೆಲ್ಲಿಂದ ಬರಬೇಕು?
ಆದರೂ ತಂದು ಬುಟ್ಟಿಯ ತಳಕ್ಕೆ ತುರುಕುತ್ತಿದ್ದ,
ಎಲ್ಲರ ಕೊಳೆಯ ಜೊತೆ ಸೇರಿಕೊಳ್ಳಲಿ ಎಂದು,
ನನ್ನ ಕಣ್ಣು ತಪ್ಪಿಸಿ.
ನಾನೂ ಸುಮ್ಮನೆ ಒಗೆದೆ. ಅರವತ್ತು ಡಿಗ್ರಿ, ಸೋಡ ಹಾಕಿ.
ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಮೇಲೆ ಕೂಗುತ್ತಿದ್ದರು.
ನನ್ನ ಪುಸ್ತಕದಲ್ಲಿ ಲೆಕ್ಕಕ್ಕಿದ್ದ:
ಅಂಗಿ ಒಂದು, ಚಡ್ಡಿ ಒಂದು, ಕಾಲುಚೀಲ ಜೊತೆ ಒಂದು.

ಲಕೋಟೆ ಬಂತು. ಜುಲೈಯಲ್ಲಿ ಹೊಸಬ ಬಂದ,
ಅವನ ಹೆಸರು ಬರೀ ಶಾ.
ಮ್ಯಾನೇಜರು ಬಾಗಿಲಲ್ಲಿ ನಿಂತು, ತಲೆ ಕೆರೆದು,
"ಗ್ಲೆನಿಸ್, ಮೊದಲಿನ ಏಳಕ್ಷರ ಕಿತ್ತರೆ ಸಾಕಲ್ಲ?" ಎಂದರು.
ಹೇರ್ ಡ್ರೈಯರಿನಿಂದ ಕಾಯಿಸಿ, ಉಗುರಿನಿಂದ ಎಬ್ಬಿಸಿ ಕಿತ್ತೆ.
ಇಡೀ ವರ್ಷ ಆ ಹುಡುಗ
ಬಲಹೆಗಲಿಗೆ ಸರಿದ ಹೆಸರು ಹೊತ್ತು ಓಡಿದ,
ಪಕ್ಕದಲ್ಲಿ ಯಾರಿಗೋ ಜಾಗ ಬಿಟ್ಟು ಕೂತವನ ಹಾಗೆ.
ಒದ್ದೆಯಾದಾಗ ಮಾತ್ರ ಆ ಏಳಕ್ಷರ
ಅಂಟಿನ ಗುರುತಾಗಿ ಮೂಡುತ್ತಿದ್ದವು.
ಗ್ರಿಮ್ಸ್‌ಬಿಯಲ್ಲಿ ಒದ್ದೆಯಾಗದ ಶನಿವಾರ ಕಡಿಮೆ.

ಮೂರನೆಯ ಸಲ ಬಂದದ್ದು ಎದುರಾಳಿಯಾಗಿ.
ಕಪ್ಪಿನ ಮೊದಲ ಸುತ್ತು, ಮೂವತ್ತಾರು ವಯಸ್ಸು,
ಹಗಲಲ್ಲಿ ಬಾಯ್ಲರ್ ರಿಪೇರಿ ಮಾಡುವವರ ತಂಡ.
ಪಂದ್ಯಕ್ಕೆ ಮೊದಲು ಕೆಳಗಿಳಿದು ಬಂದ,
ಮೆಷಿನ್ನಿಗೆ ಕಿವಿಯಿಟ್ಟು "ಬೆಲ್ಟು ಸಡಿಲ" ಎಂದ.
ಆಮೇಲೆ, ನಗುತ್ತಾ,
"ನನ್ನ ಅಕ್ಷರ ಏನು ಮಾಡಿದೆ?"
ಬಿಸ್ಕತ್ತಿನ ಡಬ್ಬಿ ತೆರೆದು ತೋರಿಸಿದೆ.
ಎರಡು ಎಲ್ಲು ವೇಲ್ಸಿನ ಹುಡುಗನಿಗೆ ಹೋಗಿದ್ದವು,
ಆರ್ ಒಬ್ಬ ಗೋಲ್‌ಕೀಪರಿಗೆ.
ಓ ಮಾತ್ರ ಉಳಿದಿತ್ತು. ಬೆರಳಿಗೆ ಉಂಗುರದಂತೆ ಹಿಡಿದು ನೋಡಿ
ಡಬ್ಬಿಗೇ ಹಾಕಿದ.
"ಇರಲಿ, ಬೇಕಾಗುತ್ತೆ ಯಾರಿಗಾದರೂ."

ಅವತ್ತು ಎರಡು ಸಲ ಸುಣ್ಣ ಉದುರಿತು.

ಎದುರಾಳಿಗಳ ಕೊಳೆಬಟ್ಟೆ ನನ್ನ ಪಾಲಿನದಲ್ಲ,
ಬಸ್ಸಿನಲ್ಲಿ ಹೇರಿಕೊಂಡು ಹೋಗುತ್ತಾರೆ.
ರಾತ್ರಿ ಬುಟ್ಟಿ ಮಗುಚಿದಾಗ ತಳದಲ್ಲಿ ಸಿಕ್ಕಿತು
ಒಂದು ಜೊತೆ ಕಾಲುಚೀಲ. ಬಣ್ಣ ನಮ್ಮದಲ್ಲ.
ಮಂಡಿಯವರೆಗೂ ಕೆಸರು.