ಅಮಾವಾಸ್ಯೆಯ ಪಾಳಿ

ಚಂದ್ರರನ್ನು ಹುಡುಕಲು
ನಮ್ಮ ಚಂದ್ರ ಇರಬಾರದು.
ಅದಕ್ಕೇ ಅಟಕಾಮದ ಈ ಬೋಳುಗುಡ್ಡಕ್ಕೆ
ಅಮಾವಾಸ್ಯೆಗೊಮ್ಮೆ ಬರುತ್ತಾಳೆ ಯೊವಾಂಕಾ,
ಎರಡು ಸ್ವೆಟರು, ಒಂದು ಕೆಮ್ಮು.

ಶನಿ ಬೆನ್ನು ಹತ್ತಿದವರನ್ನು ಕಂಡಿದ್ದೇವೆ;
ಇವಳು ಶನಿಯ ಬೆನ್ನು ಹತ್ತಿದವಳು.
ಮೂರು ತಾಸಿನ ಚಿತ್ರಗಳನ್ನು
ಅವನ ಹೆಜ್ಜೆಗೆ ತಕ್ಕಂತೆ ಸರಿಸಿ
ಒಂದರ ಮೇಲೊಂದು ಹಾಸಿದರೆ
ನಕ್ಷತ್ರಗಳೆಲ್ಲ ಬೆಕ್ಕು ಪರಚಿದ ಗೀರು.
ಗೀರಾಗದೆ ಉಳಿದದ್ದು
ಒಂದು ಚುಕ್ಕಿ. ಧೂಳೂ ಇರಬಹುದು.
ಮರುರಾತ್ರಿಯೂ ಇತ್ತು, ತುಸು ಸರಿದು.

ಬೆಳಗಿನ ಜಾವ ಅಡುಗೆಮನೆಯ ಎಲಿಸೆಯೊ
ಕುಂಬಳದ ಸಾರು ಬಡಿಸುತ್ತ ಕೇಳಿದ:
ಎಷ್ಟು ದೊಡ್ಡದು?
ಈ ತುದಿಯಿಂದ ಆ ತುದಿಗೆ ಮುಕ್ಕಾಲು ಗಂಟೆ ನಡಿಗೆ.
ಬೆಳದಿಂಗಳು?
ಚೂರೂ ಇಲ್ಲ.

ಸೌಟು ಹಿಡಿದೇ ನಿಂತ.
ಅವನು ಹುಟ್ಟಿದ ಪೆಟ್ಲುಪ್ಪಿನ ಗಣಿಯೂರೂ
ಸುಮಾರು ಅಷ್ಟೇ ಇತ್ತು.
ಗಣಿ ಮುಚ್ಚಿದ ವರ್ಷ
ಬಾಗಿಲು, ತಗಡು, ಶಾಲೆಯ ಗಂಟೆ
ಕಿತ್ತು ತೂಕಕ್ಕೆ ಮಾರಿದರು;
ಆಮೇಲೆ ನಕಾಶೆಯವರು ಹೆಸರನ್ನೂ ಕಿತ್ತರು.

ಹೆಸರಿಟ್ಟಿರಾ?
ಸದ್ಯಕ್ಕೆ ಬರೀ ಸಂಖ್ಯೆ.
ನಾಲ್ಕು ರಾತ್ರಿ ಮೋಡ ಕವಿದರೆ
ಅದೂ ಕಳೆದುಹೋದೀತು.

ಇಲ್ಲಿ ಮೋಡ ಬರೋದಿಲ್ಲ ಅಂದ ಎಲಿಸೆಯೊ,
ಇನ್ನೊಂದು ಸೌಟು ಹಾಕಿ.