ಜಗ್ಗಿ ನೋಡು

ಐದನೇ ಗಾಲಿ ಅಂತಾರ ಅದಕ,
ಗಾಲಿ ಅಲ್ಲ ಅದು.
ಎಲ್ಲಿಗೂ ಉರುಳಿ ಹೋಗಂಗಿಲ್ಲ.
ಮುಂದಿನ ಇಂಜಿನ್ನಿಗೆ ನಾವು ಘೋಡಾ ಅಂತೀವಿ,
ಅದರ ಬೆನ್ನಮ್ಯಾಗ ಬಾಯಿ ತಕ್ಕೊಂಡು ಕುಂತ
ಒಂದು ಕಬ್ಬಿಣದ ತಟ್ಟಿ.
ಟ್ರೇಲರಿನ ಪಿನ್ನು ಬಂದು ಗಂಟಲದಾಗ ಸಿಗಬೇಕು,
ದವಡಿ ಮುಚ್ಚಬೇಕು, ಖಟ್ ಅನಬೇಕು.
ಆಮ್ಯಾಲ ಭಾರ ಅಲ್ಲೇ ಕುಂದರತದ,
ಅಲ್ಲೇ ತಿರಗತದ.

ಪಾಲು ಆದ ದಿನ
ಹುಮನಾಬಾದದ ನಮ್ಮ ಮನಿ ಕಟ್ಟಿಮ್ಯಾಗ ಹಿರೇರು
ಭಾಂಡೆ ಎಣಿಸಿದರು, ಎಮ್ಮಿ ಎಣಿಸಿದರು.
ಬೋರಿನ ನೀರು ಮೂರು ದಿನ ನನಗ, ಮೂರು ದಿನ ತಮ್ಮಗ,
ಐತವಾರ ಅವ್ವಗ.
ಕಡೀಕ ಲಾರಿ ಬಂತು.
ಘೋಡಾ ದೊಡ್ಡವಗ, ಟ್ರೇಲರ್ ಸಣ್ಣವಗ
ಅಂದುಬಿಟ್ಟ ಝರಣಪ್ಪ ಕಾಕಾ.
ಎರಡೂ ಕೂಡಿದ್ರೇ ಲಾರಿ ಅನ್ನೂದು
ಎಲ್ಲಾರೂ ಚಹಾ ಕುಡಿದು ಎದ್ದು ಹೋದ ಮ್ಯಾಲ ನೆನಪಾತು.

ವೈಜಿನಾಥ ಅದನ್ನ ತಂದು ನಿಲ್ಲಿಸಿದ
ಬೈಪಾಸಿನ ಬಾಜೂಕ, ಜಾಲಿ ಕಂಟಿ ನೆಳ್ಳಾಗ.
ಎರಡು ತಿಂಗಳು ನಿಂತಿತ್ತು ಮುಂಗಾಲು ಊರಿ,
ಏಳಲಾರದ ಎತ್ತಿನಂಗ.
ನಾ ಬರೀ ಘೋಡಾ ಓಡಿಸಿಕೊಂಡು
ಪಂಪಿಗೆ ಹೋಗಿ ಬಂದೆ.
ಕನ್ನಡಿಯೊಳಗ ರೋಡ್ ಒಂದೇ.
ಬ್ರೇಕ್ ಹಾಕಿದರ ಕುಣೀತಿತ್ತು,
ಹಿಂದ ಭಾರ ಇಲ್ಲದ್ದು ನೆಟ್ಟಗ ನಿಲ್ಲಂಗಿಲ್ಲ.

ಬ್ಯಾರೆ ಟ್ರೇಲರ್ ನೋಡಾಕ ಹೋದೆ
ಲಾಡ್ಲೇಸಾಬರ ಗುಜರಿಗೆ.
ಸಾಬರು ಬಣ್ಣ ನೋಡಗೊಡಲಿಲ್ಲ.
'ಹೊಸ ಬಣ್ಣದ ಕೆಳಗ ಹಳೇ ಬಿರುಕು ಇರ್ತಾವ, ಬಗ್ಗು' ಅಂದರು.
ಬಗ್ಗಿದೆ. ಅಂಗಾತ ಬಿದ್ದು ಚಾಸಿ ಕೆಳಗ ಸರದೆ,
ಪಾಟಾ ಎಣಿಸಿದೆ, ವೆಲ್ಡಿಂಗಿನ ಗಂಟು ಮುಟ್ಟಿದೆ,
ಟೈರಿಗೆ ಸುತ್ತಿಗೀಲೆ ಬಡದು ಕಿವಿ ಕೊಟ್ಟೆ,
ಅದರ ಬಗಲಾಗ ಹುಟ್ಟಿದ ವಾರ, ವರ್ಷ ಓದಿದೆ.
ಸಾಬರ ಕಿಸೇದಾಗ ಒಂದು ಕಬ್ಬಿಣದ ಬಳಿ,
ಪಿನ್ನಿಗೆ ತೊಡಿಸಿ ನೋಡತಾರ:
ಬಿಗಿ ಇದ್ರ ಛಲೋ, ಸಡ್ಲ ಆದ್ರ ಸವದದ.
ಈ ಪಿನ್ನಿಗೆ ಬಳಿ ಏರಲೇ ಇಲ್ಲ.
'ಮೂರೂವರಿ ಇಂಚಿಂದು ಇದು, ನಿಂದು ಎರಡರ ಬಾಯಿ,
ಕೂಡಂಗಿಲ್ಲಪಾ.
ನಿಮ್ಮಪ್ಪ ಎರಡೂ ಒಂದೇ ದಿನ ಒಯ್ದಿದ್ದ,
ಇಲ್ಲಿಂದೇ, ಜೋಡಿ ನೋಡಿ.'

ರೊಕ್ಕ ತಿರುಗಿ ಕಿಸೇಕ ಹಾಕಿಕೊಂಡೆ.

ಮನೀಗೆ ಬಂದು ಐದನೇ ಗಾಲಿ ತೊಳದೆ.
ಹಳೇ ಗ್ರೀಸು ಕುಸುಬಿ ಹಿಂಡಿಯಂಗ ಗಟ್ಟಿಯಾಗಿತ್ತು.
ಅದರಾಗ ಉಸುಕು, ಒಂದು ಸತ್ತ ಹುಳ,
ಅಪ್ಪನ ಬೀಡಿಗೆ ಸುತ್ತಿದ ಕೆಂಪು ದಾರ.
ಡೀಸೆಲಿನಾಗ ಅರಿವಿ ಅದ್ದಿ ಒರೆಸಿದೆ
ದವಡಿ, ಗಂಟಲು, ಸ್ಪ್ರಿಂಗು.
ದಾರ ತಗದು ಸ್ಟೇರಿಂಗಿನ ಹತ್ತರ ಇಟ್ಟೆ.
ಹೊಸ ಗ್ರೀಸು ಕೈಲೇ ಹಚ್ಚಿದೆ, ಮೂಲಿ ಮೂಲಿಗೆ.
'ಆ ಕೈಲೇ ರೊಟ್ಟಿ ಬುಟ್ಟಿ ಮುಟ್ಟಿದ್ರ ನೋಡು'
ಅಂದಳು ನಮ್ಮಾಕಿ.

ನಸೀಕಿನ್ಯಾಗ ಹೋದೆ ಜಾಲಿ ಕಂಟಿ ಕಡೆ.
ಸೇಡಮಿನ ಸಿಮೆಂಟ್ ಲೋಡಿಗೆ ಫೋನ್ ಬಂದಿತ್ತು.
ಅವಗೂ ಬಂದಿರಬೇಕು,
ಟಾರ್ಚ್ ಹಿಡಕೊಂಡು ನಿಂತಿದ್ದ.
ಟ್ರೇಲರಿನ ಮೂತಿ ಎರಡು ಬಟ್ಟ ಇಳಿಸಿ ಇಟ್ಟಿದ್ದ,
ನನ್ನ ಘೋಡಾದ ಎತ್ತರ ಅವಗ ಗೊತ್ತಿತ್ತು.

'ಬರ್ಲಿ' ಅಂದ.
'ಡಾವೀಕ. ಸೀದಾ. ಬರ್ಲಿ, ಬರ್ಲಿ.'
ಖಟ್.
ಎರಡು ತಿಂಗಳಾಗ ಇಷ್ಟೇ ಮಾತು.
ಅದೂ ಮಾತಲ್ಲ, ಧಂಧೆ.

ಕೆಂಪು ನಳಿಗಿ, ಹಳದಿ ನಳಿಗಿ ಅವನೇ ಸಿಗಿಸಿದ.
ಕೆಳಗ ತೂರಿ, ಟಾರ್ಚ್ ಬಿಟ್ಟು
ದವಡಿ ಪಿನ್ನಿನ ಹಿಂದ ಮುಚ್ಚೇದೋ ಇಲ್ಲೋ ನೋಡಿದ.
ನಡುವ ಬೆಳಕು ಹಾಯ್ದರ ಕೂಡಿಲ್ಲಂತ ತಿಳಿ
ಅಂತಿದ್ದ ಅಪ್ಪ.
ಎದ್ದು, ಮೊಣಕಾಲು ಜಾಡಿಸಿ,
ನನ್ನ ಕಡೆ ನೋಡದೇ
'ಜಗ್ಗಿ ನೋಡು' ಅಂದ.

ಟ್ರೇಲರಿನ ಬ್ರೇಕ್ ಹಿಡದು, ಒಂದನೇ ಗೇರಿನಾಗ
ಸಾವಕಾಶ ಜಗ್ಗಿದೆ.
ಘೋಡಾ ನಡುಗಿತು.
ಟ್ರೇಲರ್ ಬರಲಿಲ್ಲ, ಬಿಡಲೂ ಇಲ್ಲ.
ಮತ್ತೊಮ್ಮೆ ಜಗ್ಗಿದೆ,
ಬೇಕಂತಲೇ, ಜರಾ ಜೋರಾಗಿ.

ಕಮಲಾಪುರ ದಾಟೂತನ ಕ್ಲೀನರ್ ಸೀಟಿನಾಗ
ಕಿಡಕಿ ಕಡೆ ಮಾರಿ ಮಾಡಿ ಕುಂತಿದ್ದ.
ಒಂದು ತಿರುವಿನ್ಯಾಗ
ಕೈ ಹೊರಗ ಹಾಕಿ ತನ್ನ ಕಡಿ ಕನ್ನಡಿ ಒರೆಸಿದ,
ನನಗ ಹಿಂದಿಂದು ಕಾಣ್ಲಿ ಅಂತ.
ಬಾಡಿಗಿ ಹ್ಯಾಂಗ ಹಂಚೂದು,
ಇನ್ನೂ ಯಾರೂ ಕೇಳಿಲ್ಲ.