ಗುಲಾಬಿ ನನ್ನದು

(ಫಿಲಡೆಲ್ಫಿಯ, ೧೮೪೮)

ಉದ್ದ ಮೇಜಿಗೆ ಎಂಟು ಮಂದಿ ಹೆಂಗಸರು,
ಒಬ್ಬೊಬ್ಬರಿಗೆ ಒಂದೊಂದೇ ಬಣ್ಣ.
ಒಟ್ಟೀಲಿಯಾಳದು ಕಡಲಂಚಿನ ನೀಲಿ,
ಟ್ರೈಫೀನಾಳದು ಮೆಕ್ಸಿಕೋದ ಹಸಿರು,
ನನ್ನದು ಗುಲಾಬಿ. ಅಂದರೆ ನಮ್ಮ ದೇಶ.
ನಮ್ಮದು ಅನ್ನುವುದಕ್ಕೆ
ನಾನು ಹಡಗಿಳಿದು ಆರು ವರ್ಷ, ಅಷ್ಟೇ.

ಹಾಳೆಗೆ ಅರ್ಧ ಸೆಂಟು. ಗೆರೆ ದಾಟಿದರೆ ಅದೂ ಇಲ್ಲ.
"ದಾಟಬೇಡ, ಹೊನೋರಾ" ಎಂದು
ಅಡ್ಡಪಟ್ಟಿಯಲ್ಲಿ ಗೆಣ್ಣಿಗೆ ತಟ್ಟುತ್ತಿದ್ದ ಟೆವಿಸ್ ಸಾಹೇಬ
ಈ ಬೆಳಗ್ಗೆ ತಾನೇ ಪೆನ್ಸಿಲ್ ಹಿಡಿದು
ಹಳೆಯ ಗೆರೆ ತುಳಿದುಕೊಂಡು ಹೋದ,
ಬೇಲಿ ಮುರಿದ ಗೂಳಿಯ ಹಾಗೆ,
ನದಿಗೆ, ಮರಳಿಗೆ, ಕೊನೆಗೆ ಆ ಬದಿಯ ಕಡಲಿಗೆ.
"ಇಲ್ಲಿಯ ತನಕ ತುಂಬು. ಅಧ್ಯಕ್ಷರ ರುಜು ಬಿದ್ದಿದೆ."

ಅಧ್ಯಕ್ಷರನ್ನು ಕಂಡವಳಲ್ಲ ನಾನು.
ಅವರೂ ನಡುರಾತ್ರಿಯ ತನಕ ದೀಪದಡಿ ಬಗ್ಗಿ ದುಡಿಯುತ್ತಾರಂತೆ.
ಅವರ ಕಣ್ಣೂ ಹೀಗೇ ಉರಿಯುತ್ತದೋ ಏನೋ.

ಬಣ್ಣ ಸಾಲದೆ ಎರಡು ಸಲ ಅರೆದೆ.
ಒಣ ಹುಳ, ಮೆಣಸಿನ ಕಾಳಿಗಿಂತ ಚಿಕ್ಕವು, ಬೂದಿ ಬಳಿದುಕೊಂಡಂಥವು;
ಪಟಿಕದ ನೀರು ಬಿದ್ದರೆ ಕೆನ್ನೀರು ಬಿಡುತ್ತವೆ.
ಚೀಲದ ಮೇಲೆ ಮಸಿಯಲ್ಲಿ: ವಹಾಕಾ, ಮೆಕ್ಸಿಕೋ.
ಅಲ್ಲಿ ಪಾಪಾಸುಕಳ್ಳಿಯ ಮೈಯಿಂದ
ನನ್ನಂಥವರೇ ಗುಡಿಸಿ ತೆಗೆಯುತ್ತಾರಂತೆ.
ಅವರ ಹುಳ ಅರೆದು ಅವರದೇ ದೇಶದ ಅರ್ಧ ಮುಚ್ಚಿದೆ
ಎಂದು ಹೊಳೆದದ್ದು ಮಧ್ಯಾಹ್ನ, ಕೈ ತೊಳೆಯುವಾಗ.
ಹೊಳೆದು ಏನಾಯಿತು? ಬ್ರೆಡ್ಡು ತಿಂದೆ.
ಕುಂಚದ ತುದಿಯನ್ನು ನಾಲಿಗೆಯಲ್ಲೇ ಚೂಪು ಮಾಡುವುದು ನಾವು,
ಹಾಗಾಗಿ ಆ ನೆಲದ ರುಚಿ ಗೊತ್ತು ನನಗೆ.
ಒಗರು.

ಕಾರ್ಮಾಕ್ ನನ್ನ ತಮ್ಮ.
ತಿಂಗಳಿಗೆ ಏಳು ಡಾಲರ್, ಹೊಸ ಬೂಟು ಎಂದು ಹೋದವನು.
ಗುಂಡು ತಾಗಲಿಲ್ಲ. ಭೇದಿ.
ಕ್ಯಾಪ್ಟನ್ನನ ಕಾಗದದಲ್ಲಿ ಊರು ಕಮಾರ್ಗೋ,
ಒಂದು 'ರ' ಬಿಟ್ಟುಹೋಗಿತ್ತು.
ಹುಡುಕಿದೆ. ನದಿಯ ಆ ದಡದಲ್ಲಿ, ಗೆರೆಯಿಂದ ಒಂದು ಅಕ್ಕಿಕಾಳಿನಷ್ಟು ಕೆಳಗೆ.
ಇಷ್ಟೆಲ್ಲ ತೆಗೆದುಕೊಂಡರಲ್ಲ,
ಅಷ್ಟು ಅವರಿಗೆ ಬೇಕಾಗಲಿಲ್ಲ.

ಕುಂಚ ತುಂಬಿಕೊಂಡು ಅಲ್ಲೇ ನಿಂತಿತ್ತು.
ಸಾಹೇಬ ಕಿಟಕಿಯ ಕಡೆ ತಿರುಗಿದ್ದ.
ಹನಿ ಬೀಳುವ ಮೊದಲು ಎತ್ತಿಕೊಂಡೆ.

ಟ್ರೈಫೀನಾ ಬೇಗ ಮುಗಿಸುತ್ತಾಳೆ ಈಗ, ಕೂಲಿಯೂ ಕಡಿಮೆ ಅವಳಿಗೆ,
ಮಾತಾಡಿಸಿದರೆ ಸಿಡುಕು.
ಆದರೂ ಹಾಳೆ ಅವಳ ಕಡೆ ಜರುಗಿಸಿ
ಬೆರಳಿಟ್ಟು ತೋರಿಸಿ ಹೇಳಿದೆ:
ಇಲ್ಲಿ ಸ್ವಲ್ಪ ತೆಳ್ಳಗೆ ಹಚ್ಚು, ತಾಯಿ,
ಊರಿನ ಹೆಸರು ಕಾಣಲಿ.